ಅಜ್ಜಿಯ ಮನೆಯೇ ಕಡಲು ದಾಟಿತು

ಬೇಸಗೆಯ ರಜೆ ಬಂದಿತೆಂದರೆ ಮಕ್ಕಳು ಅಜ್ಜಿಯ ಮನೆಗೆ ಹೋಗುವುದು ನಮ್ಮಲ್ಲಿ ನಡೆದುಬಂದ ಪದ್ಧತಿ. ಪಾಣೆಮಂಗಳೂರಿನಲ್ಲಿ ನೇತ್ರಾವತಿಯ ದಂಡೆಗೆ ಸಮೀಪವಾಗಿರುವ ನಮ್ಮ ಮನೆಯೂ ಏಪ್ರಿಲ್ ತಿಂಗಳಲ್ಲಿ ಮಕ್ಕಳಿಗಾಗಿ ಕಾಯುವ ಮನೆಯೇ. ಹಲಸಿನ ಹಪ್ಪಳ ಒಣಹಾಕಿದ ಚಾಪೆಗೆ ಕಾವಲು ಕೂರಿಸುವುದಕ್ಕೆ, ಬೆಳಗಿನ ಜಾವ ಮರದ ಬುಡದಲ್ಲಿ ಉದುರಿದ ಕಾಟು ಮಾವಿನಹಣ್ಣು ಹೆಕ್ಕಿಸುವುದಕ್ಕೆ ಅಮ್ಮನಿಗೆ ಪುಳ್ಳಿಗಳು ಬೇಕು. ಆದರೆ 2023ರ ಆರಂಭದಲ್ಲಿ ಭಾವನವರಿಗೆ ಲಕ್ಷದ್ವೀಪದ ಕಡಮತ್ ಎಂಬ ದ್ವೀಪಕ್ಕೆ ವರ್ಗವಾಯಿತು. ಅಕ್ಕ ಇಬ್ಬರು ಮಕ್ಕಳನ್ನು ಕಟ್ಟಿಕೊಂಡು ಅವರ ಹಿಂದೆಯೇ ಹೋದಳು. ಅವರು ಇರುವುದು ಬ್ಯಾಂಕಿನ ಸಣ್ಣದೊಂದು ಶಾಖೆಯಲ್ಲಿ. ರಜೆ ದೊರೆತಾಗ ಹಡಗಿನಲ್ಲಿ ಸ್ಥಳವಿಲ್ಲ, ಹಡಗಿನಲ್ಲಿ ಸ್ಥಳವಿದ್ದಾಗ ರಜೆಯಿಲ್ಲ. ಹೀಗೆ ಎರಡು ಬೇಸಗೆಗಳು ಕಳೆದವು. 2025ರ ಮಾರ್ಚಿಯಲ್ಲಿ ಒಂದು ಸಂಜೆ ಅಮ್ಮ, ಹಪ್ಪಳದ ಹಿಟ್ಟಿನ ಕೈಯನ್ನೂ ತೊಳೆಯದೆ, ತೀರ್ಪು ಕೊಟ್ಟರು:

"ಮಕ್ಕಳು ಬಾರದಿದ್ದರೆ ನಾವೇ ಹೋಗುವ."

ಅಪ್ಪ ಮಾತಾಡಲಿಲ್ಲ. ಅವರ ಮೌನಕ್ಕೆ ಎರಡು ಕಾರಣಗಳಿದ್ದವು. ಎರಡೂ ಮನೆಯಲ್ಲಿ ಎಲ್ಲರಿಗೂ ತಿಳಿದು ಯಾರೂ ಬಾಯಿಬಿಟ್ಟು ಆಡದಂಥವು.

ಮೊದಲನೆಯದು ನೀರು. ಬಂಟ್ವಾಳ, ಪಾಣೆಮಂಗಳೂರುಗಳ ಹಳಬರು 1974ರ ಜುಲೈ ತಿಂಗಳ ನೆರೆಯನ್ನು ಇಂದಿಗೂ ಕಾಲಗಣನೆಗೆ ಬಳಸುತ್ತಾರೆ. ಇಂಥವರ ಮದುವೆ ನೆರೆಯ ಮುಂಚೆ, ಇಂಥವರ ಮನೆ ನೆರೆಯ ಅನಂತರ, ಎಂದು. ಅದಕ್ಕೂ ಹಿಂದೆ 1923ರಲ್ಲಿ ಅಂಥದೇ ಇನ್ನೊಂದು ಬಂದಿತ್ತೆಂದು ಅವರ ಹಿರಿಯರು ಹೇಳುತ್ತಿದ್ದರು. 1974ರಲ್ಲಿ ಅಪ್ಪನಿಗೆ 23 ವರ್ಷ. ರಾತ್ರಿ ಅಂಗಳಕ್ಕೆ ಬಂದ ನೀರು ಬೆಳಗಾಗುವಷ್ಟರಲ್ಲಿ ಮಣ್ಣಿನ ಗೋಡೆಗಳನ್ನು ಒಂದೊಂದಾಗಿ ಕುಳ್ಳಿರಿಸಿತು. ತಮ್ಮ ತಾಯಿಯನ್ನು ದೋಣಿಯಲ್ಲಿ ದಾಟಿಸುವಾಗ ದೋಣಿ ಸುಳಿಗೆ ಸಿಕ್ಕಿ ಒಮ್ಮೆ ಸುತ್ತು ತಿರುಗಿತಂತೆ. ಮನೆಯವರಾರೂ ಸಾಯಲಿಲ್ಲ. ಆದರೆ ಆಮೇಲೆ ಅಪ್ಪ ದೋಣಿ ಹತ್ತಿದವರಲ್ಲ. ಆಷಾಢದಲ್ಲಿ ಕೆಂಪುನೀರನ್ನು ನೋಡಲು ಊರೆಲ್ಲ ಹಳೆಯ ಕಬ್ಬಿಣದ ಸೇತುವೆಯ ಮೇಲೆ ನೆರೆಯುವಾಗಲೂ ಅವರು ಆ ಕಡೆಗೆ ಸುಳಿದವರಲ್ಲ.

ಎರಡನೆಯದು ಭಾವನವರು. ವರ್ಗದ ಸುದ್ದಿ ಬಂದ ದಿನ ಅಪ್ಪ, ಎಂದೂ ಕಠಿನವಾಗಿ ಮಾತಾಡದವರು, "ಒಂದು ವರ್ಷದ ಮಗುವನ್ನು ಕಡಲಿನ ನಡುವೆ ಕೊಂಡುಹೋಗಿ ಹಾಕುವವನಿಗೆ ಬುದ್ಧಿಯಿದೆಯೇ?" ಎಂದು ಅಳಿಯನ ಮುಖದೆದುರೇ ಕೇಳಿಬಿಟ್ಟಿದ್ದರು. ಭಾವನವರು ಉತ್ತರಿಸದೆ ಎದ್ದು ಹೋದರು. ಅಂದಿನಿಂದ ದೂರವಾಣಿಯಲ್ಲಿ ಅಕ್ಕ ಮಾತಾಡುವಳು, ಮಕ್ಕಳು ಮಾತಾಡುವರು. ಮಾವ-ಅಳಿಯಂದಿರ ನಡುವೆ ಎರಡು ವರ್ಷ ಒಂದು ಮಾತೂ ನಡೆದಿರಲಿಲ್ಲ.

ಅಮ್ಮ ಇವೆರಡನ್ನೂ ಲೆಕ್ಕಿಸಲಿಲ್ಲ. ಪಣೋಲಿಬೈಲಿನ ಕಲ್ಲುರ್ಟಿಗೆ ಅಗೆಲಿನ ಹರಕೆ ಹೇಳಿಕೊಂಡು ಗಂಟು ಕಟ್ಟತೊಡಗಿದರು. ಕಾಲೇಜಿಗೂ ರಜೆಯಾದ್ದರಿಂದ ನಾನು ಜತೆಗೆ ಹೊರಟೆ.

ಹೊರಗಿನವರು ಲಕ್ಷದ್ವೀಪದಲ್ಲಿ ಕಾಲಿಡಬೇಕಾದರೆ ಪ್ರವೇಶಪತ್ರ ಬೇಕು. ಪ್ರವೇಶಪತ್ರಕ್ಕೆ 'ಈತನ ಮೇಲೆ ಯಾವ ಮೊಕದ್ದಮೆಯೂ ಇಲ್ಲ' ಎಂಬ ಪೊಲೀಸು ದೃಢಪತ್ರಿಕೆ ಬೇಕು. ಮೂವತ್ತು ವರ್ಷ ಮಾಸ್ತರಿಕೆ ಮಾಡಿದ ಅಪ್ಪ ಒಗೆದ ಪಂಚೆಯುಟ್ಟು ಠಾಣೆಯ ಬೆಂಚಿನ ಮೇಲೆ ಕುಳಿತಿದ್ದರು. ಕಾಗದ ಬರೆದವರು ಅವರ ಹಳೆಯ ಶಿಷ್ಯರು. "ಮಾಸ್ತರೇ, ನಿಮ್ಮ ಮೇಲೆ ಕೇಸು ಹಾಕಬೇಕಾದವರು ನಾವು, ಆ ಪೆಟ್ಟಿನ ಗುರುತು ಇನ್ನೂ ಇದೆ" ಎಂದು ಅವರು ನಗೆಯಾಡಿದರೂ ಅಪ್ಪ ನಗಲಿಲ್ಲ.

ನಮ್ಮ ಜಿಲ್ಲೆಯವರಿಗೆ ಆ ದ್ವೀಪಗಳಲ್ಲಿ ಏನು ಕೆಲಸ ಎಂದು ವಾಚಕರು ಕೇಳಬಹುದು. ಕೆಲಸ ಇಂದು ನೆನ್ನೆಯದಲ್ಲ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್, ಬಿತ್ರಾ ಎಂಬ ಉತ್ತರದ ಐದು ದ್ವೀಪಗಳಿಗೆ ಅಮಿನ್‌ದಿವಿಗಳೆಂದು ಹೆಸರು. ಕಣ್ಣಾನೂರಿನ ಅರಕ್ಕಲ್ ಮನೆತನದ ಆಳ್ವಿಕೆಗೆ ಬೇಸತ್ತ ಅಮಿನಿಯ ಜನ 1780ರ ದಶಕದಲ್ಲಿ ಮಂಗಳೂರಿಗೆ ಬಂದು ಟಿಪ್ಪು ಸುಲ್ತಾನನ ಆಶ್ರಯ ಬೇಡಿದರು. ದ್ವೀಪಗಳು ಅವನ ಕೈಸೇರಿದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅವು ಕಂಪನಿ ಸರಕಾರದ ಪಾಲಾಗಿ ಮಂಗಳೂರಿನ ಕಲೆಕ್ಟರರ ಆಡಳಿತಕ್ಕೆ ಬಂದವು. ಅಲ್ಲಿಂದ 1956ರ ನವೆಂಬರ್ 1ನೆಯ ತಾರೀಖಿನವರೆಗೆ, ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ, ಬಂಟ್ವಾಳ ಹೇಗೋ ಕಡಮತ್ ಹಾಗೆಯೇ ದಕ್ಷಿಣ ಕನ್ನಡ ಜಿಲ್ಲೆಯ ನೆಲ! ಅಮಿನಿಯಲ್ಲಿದ್ದ ಜಿಲ್ಲೆಯ ಅಧಿಕಾರಿಗೆ ಮೊನೆಗಾರನೆಂದು ಹೆಸರು. ತೆಂಗಿನ ಮರ ಹತ್ತಿ ಎಳನೀರು ಕೊರೆಯುವ ಇಲಿಗಳನ್ನು ಬೇಟೆಯಾಡಲು ಊರಿನ ಗಂಡಸರನ್ನೆಲ್ಲ ಕೂಡಿಸುವುದೂ ಅವನ ಕರ್ತವ್ಯಗಳಲ್ಲೊಂದು. ದ್ವೀಪದ ತೆಂಗಿನ ನಾರು ಆಗ ಸರಕಾರದ ಏಕಸ್ವಾಮ್ಯದ ಸರಕು. ಹೆಂಗಸರು ಹೊಸೆದ ಹುರಿಯನ್ನು ಗಂಡಸರು ಓಡಗಳಲ್ಲಿ ಹೇರಿ ಮಂಗಳೂರಿಗೆ ತಂದು ಒಪ್ಪಿಸಿ, ಪ್ರತಿಯಾಗಿ ಅಕ್ಕಿ ಪಡೆದು ಮರಳುತ್ತಿದ್ದರು. ತೆಂಗು ಬಿಟ್ಟರೆ ಹೆಚ್ಚೇನೂ ಬೆಳೆಯದ ಹವಳದ ಮಣ್ಣಿನವರಿಗೆ ಮಂಗಳೂರೆಂದರೆ ಅನ್ನ.

1956ರಲ್ಲಿ ಜಿಲ್ಲೆ ಮೈಸೂರು ರಾಜ್ಯ ಸೇರಿತು, ದ್ವೀಪಗಳು ಕೇಂದ್ರಾಡಳಿತಕ್ಕೆ ಹೋದವು. 1964ರಲ್ಲಿ ಆಡಳಿತದ ಕೇಂದ್ರ ಕೋಳಿಕೋಡಿನಿಂದ ಕವರತ್ತಿಗೆ ಹೋಯಿತು. 1973ರಲ್ಲಿ ಲಕ್ಷದ್ವೀಪವೆಂಬ ಹೆಸರು ಬಂದಿತು. ಇಷ್ಟಾದರೂ ಸಂಬಂಧ ಹರಿಯಲಿಲ್ಲ. ಉಡುಪಿಯಲ್ಲಿ 1925ರಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು ದ್ವೀಪಗಳ ಅಗ್ರಣಿ ಬ್ಯಾಂಕಾಗಿ ಅಲ್ಲಿ ಶಾಖೆಗಳನ್ನು ತೆರೆಯಿತು. 2020ರ ಏಪ್ರಿಲ್ 1ರಂದು ಅದು, 1906ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಹೆಸರು ಬದಲಾಯಿತೇ ಹೊರತು ಬ್ಯಾಂಕು ನಮ್ಮೂರ ಕಡೆಯದಾಗಿಯೇ ಉಳಿಯಿತು. ಭಾವನವರು ಕಡಮತ್ತಿಗೆ ಹೋದುದು ಈ ದಾರಿಯಿಂದ.

ಭೂಪಟದಲ್ಲಿ ಅಳೆದರೆ ಕಡಮತ್ತಿಗೆ ಮಂಗಳೂರಿನಿಂದ 300 ಕಿಲೊಮೀಟರೂ ಇಲ್ಲ. ಕೊಚ್ಚಿಯಿಂದ ಸುಮಾರು 400. 2024ರ ಮೇ ತಿಂಗಳಲ್ಲಿ ವೇಗದ ಹಡಗೊಂದು ದ್ವೀಪದ ಪ್ರಯಾಣಿಕರನ್ನು ಮಂಗಳೂರಿನ ಹಳೆ ಬಂದರಿಗೆ ತಂದಿಳಿಸಿದ್ದೂ ಉಂಟು. ಆದರೆ ನಮಗೆ ದೊರೆತುದು ಕೊಚ್ಚಿಯ ಹಡಗು. ಹತ್ತಿರದ ಊರಿಗೆ ದೂರದ ದಾರಿ! ರಾತ್ರಿಯ ರೈಲಿನಲ್ಲಿ ಕೊಚ್ಚಿಗೆ ಹೋಗಿ, ಮರುದಿನ ಹಡಗು ಹತ್ತಿದೆವು. ಅಮ್ಮನ ಗಂಟುಗಳನ್ನು ಯಂತ್ರದಲ್ಲಿ ಪರೀಕ್ಷಿಸಿದವರು ಭರಣಿಯೊಂದನ್ನು ತೆಗೆಸಿ ಮೂಸಿ ನೋಡಿ, ಮಿಡಿ ಉಪ್ಪಿನಕಾಯಿಯೆಂದು ತಿಳಿದು ಗೌರವದಿಂದ ಹಿಂದಿರುಗಿಸಿದರು.

ಹಡಗಿನಲ್ಲಿ ಅಪ್ಪ ಕಿಟಕಿಗೆ ಬೆನ್ನು ಹಾಕಿ ಮಲಗಿಬಿಟ್ಟರು. ಅಮ್ಮ ಮೇಲಟ್ಟಕ್ಕೆ ಹೋಗಿ, ನಮ್ಮ ಬ್ಯಾರಿ ಹೆಂಗಸರಂತೆಯೇ ತಲೆಗೆ ಬಟ್ಟೆ ಹೊದ್ದ ದ್ವೀಪದ ಹೆಂಗಸರ ನಡುವೆ ಕುಳಿತು, ಅರ್ಧ ಗಂಟೆಯಲ್ಲಿ ಯಾರ ಮಗಳಿಗೆ ಬಾಣಂತನ, ಯಾರ ಮಗನಿಗೆ ಶಸ್ತ್ರಚಿಕಿತ್ಸೆ ಎಂಬುದನ್ನೆಲ್ಲ ತಿಳಿದುಕೊಂಡರು. ಯಾವ ಭಾಷೆಯಲ್ಲಿ ತಿಳಿದರೆಂಬುದು ಇಂದಿಗೂ ನನಗೆ ಅರ್ಥವಾಗಿಲ್ಲ.

ಮರುದಿನ ಬೆಳಗ್ಗೆ ಕಡಲಿನ ಅಂಚಿನಲ್ಲಿ ಒಂದು ಹಸಿರು ಗೆರೆ ಕಂಡಿತು. ಗುಡ್ಡವಿಲ್ಲ, ಬಂಡೆಯಿಲ್ಲ, ನೀರಿನ ಮೇಲೆ ನೇರವಾಗಿ ನೆಟ್ಟಂತೆ ತೆಂಗಿನ ಸಾಲು. ಹಡಗು ದೂರದಲ್ಲೇ ನಿಂತಿತು; ಅಲ್ಲಿಂದ ಮುಂದೆ ದೋಣಿ. ಹಡಗಿನ ಪಕ್ಕದಲ್ಲಿ ತೆರೆದ ಬಾಗಿಲು, ಅದರ ಕೆಳಗೆ ಒಂದು ಆಳು ಏರಿ ಒಂದು ಆಳು ಇಳಿಯುತ್ತಿದ್ದ ದೋಣಿ. ದೋಣಿ ಮೇಲೆ ಬಂದ ಕ್ಷಣದಲ್ಲಿ ಕಾಲಿಡಬೇಕು. ತಡಮಾಡಿದರೆ ಅದು ಕೆಳಗೆ ಹೋಯಿತು. ದ್ವೀಪದ ಹುಡುಗರು ಅಮ್ಮನನ್ನು ಹೂವಿನ ಬುಟ್ಟಿಯಂತೆ ಎತ್ತಿ ಇಳಿಸಿದರು. ಅಪ್ಪ ಬಾಗಿಲಲ್ಲಿ ನಿಂತರು. ದೋಣಿ ಬಂದಿತು, ಹೋಯಿತು. ಮತ್ತೊಮ್ಮೆ ಬಂದಿತು, ಹೋಯಿತು. ಅವರ ಕೈ ಬಾಗಿಲ ಸರಳನ್ನು ಬಿಡಲಿಲ್ಲ. ಹಿಂದೆ ನಿಂತವರು ಗೊಣಗತೊಡಗಿದರು. ನಾನು, "ಅಪ್ಪ, ಬೇಡವಾದರೆ ಇದೇ ಹಡಗಿನಲ್ಲಿ ಹಿಂದೆ ಹೋಗುವ" ಎಂದೆ. ಮನಸಾರೆಯೇ ಹೇಳಿದೆ; ಅವರ ಮುಖದ ಬಣ್ಣ ಹಾಗಿತ್ತು.

ಆಗ ದೋಣಿಯ ಮೂಲೆಯಿಂದ ಒಂದು ಧ್ವನಿ ಬಂದಿತು: "ಮಾವ, ನೀರು ನೋಡಬೇಡಿ. ನನ್ನ ಮುಖ ನೋಡಿ."

ಭಾವನವರು ನಮ್ಮನ್ನು ಕರೆದೊಯ್ಯಲು ದೋಣಿಯಲ್ಲೇ ಬಂದಿದ್ದರು. ಎರಡು ವರ್ಷಗಳಿಂದ ಆ ಮುಖವನ್ನು ನೋಡಲೊಲ್ಲದಿದ್ದ ಅಪ್ಪ ಅದನ್ನು ನೋಡಿದರು, ಕಾಲಿಟ್ಟರು. ದಡ ಸೇರುವವರೆಗೆ ಅಳಿಯನ ಅಂಗಿಯ ತೋಳನ್ನು ಹಿಡಿದ ಮುಷ್ಟಿ ಬಿಚ್ಚಲಿಲ್ಲ. ಮಾತು ಮಾತ್ರ ಆಡಲಿಲ್ಲ.

ಕಡಮತ್ತಿನ ಉದ್ದ ಎಂಟೊಂಬತ್ತು ಕಿಲೊಮೀಟರು. ಅಗಲ, ಅತಿ ಹೆಚ್ಚಿರುವಲ್ಲಿ, ಅರ್ಧ ಕಿಲೊಮೀಟರಿಗಿಂತ ಸ್ವಲ್ಪ ಹೆಚ್ಚು. ಈ ಕಡಲಿಗೆ ಬೆನ್ನು ಹಾಕಿದರೆ ಆ ಕಡಲು ಕಾಣುವ ನೆಲ. ಹಾವಿಲ್ಲ, ನಾಯಿಯಿಲ್ಲ. ಸೌದೆ ಕೊಟ್ಟಿಗೆಗೆ ಹೋಗುವ ಮುಂಚೆ ನೆಲ ಬಡಿದು ಸದ್ದು ಮಾಡುವ ಅಮ್ಮನ ಅಭ್ಯಾಸವನ್ನು ನೋಡಿ ಮಕ್ಕಳು ಬಿದ್ದು ಬಿದ್ದು ನಕ್ಕರು. ಮನೆಯ ಹಿಂದೆ ಜೀಗುಜ್ಜೆಯ ಮರವನ್ನು ಕಂಡಾಗಲಂತೂ ಅಮ್ಮನಿಗೆ ತವರಿಗೆ ಬಂದಷ್ಟು ಸಂತೋಷವಾಯಿತು. ಮೂರನೆಯ ದಿನ ಅಕ್ಕಪಕ್ಕದ ಮನೆಗಳಿಗೆ ನಮ್ಮೂರಿನ ಜೀಗುಜ್ಜೆ ಪೋಡಿ ಹೋಗಿ, ಅಲ್ಲಿಂದ ತೆಂಗಿನ ಬೆಲ್ಲದ ಹಲ್ವ ಬಂದಿತು.

ಹಿರಿಯ ಪುಳ್ಳಿಗೆ ಎಂಟು ವರ್ಷ, ಕಿರಿಯವನಿಗೆ ಮೂರು. ಹುಡುಗಿ ಶಾಲೆಯಲ್ಲಿ ಮಲಯಾಳ, ಬೀದಿಯಲ್ಲಿ ದ್ವೀಪದ ಜೆಸೆರಿ, ಮನೆಯಲ್ಲಿ ನಮ್ಮ ಭಾಷೆ ಆಡುತ್ತಾಳೆ. ಅವಸರವಾದರೆ ಮೂರೂ ಒಂದೇ ವಾಕ್ಯದಲ್ಲಿ ಬರುತ್ತವೆ. ಹುಡುಗನಿಗೆ ಅಜ್ಜನೆಂದರೆ ದೂರವಾಣಿಯ ಒಳಗಿರುವ ಒಂದು ಮುಖ. ಅದು ಹೊರಗೆ ಬಂದು ಪಂಚೆಯುಟ್ಟು ನಡೆಯುವುದನ್ನು ಕಂಡು ಎರಡು ದಿನ ಬಾಗಿಲ ಹಿಂದೆ ಅಡಗಿದ. ಅವನು ರೈಲು ನೋಡಿಲ್ಲ, ಎಮ್ಮೆ ನೋಡಿಲ್ಲ. ಗುಡ್ಡವೆಂದರೇನೆಂದು ಕೇಳಿದರೆ ಮನೆ ಕಟ್ಟಲು ರಾಶಿ ಹಾಕಿದ್ದ ಮರಳನ್ನು ತೋರಿಸಿದ. ಮೂವತ್ತು ವರ್ಷದ ಮಾಸ್ತರಿಗೆ ಇದು ಸಹನೆಯಾಗಲಿಲ್ಲ. ಮರುದಿನದಿಂದಲೇ ಜಗಲಿಯಲ್ಲಿ ಸ್ಲೇಟು, ಬಳಪ, ಬೆಟ್ಟ, ಹೊಳೆ, ಗಾಡಿ, ಎಮ್ಮೆ. ಹುಡುಗಿಯ ಪ್ರಶ್ನೆಯೊಂದು ನನ್ನ ಕಿವಿಯಲ್ಲಿದೆ. ಅಜ್ಜ ಬರೆದ ನೇತ್ರಾವತಿಯನ್ನು ನೋಡಿ ಅವಳು, "ಹೊಳೆ ಒಂದೇ ಕಡೆಗೆ ಹೋಗುವುದೇ? ತಿರುಗಿ ಬರುವುದಿಲ್ಲವೇ?" ಎಂದಳು. ಏರಿ ಇಳಿಯುವ ನೀರನ್ನಲ್ಲದೆ ಬೇರೆಯದನ್ನು ಅವಳು ಮರೆತಿದ್ದಳು.

ನೀರಿನ ವಿಷಯದಲ್ಲಿ ಅಪ್ಪನನ್ನು ಮೊದಲು ಸೋಲಿಸಿದ್ದು ಬಾವಿ. ಹವಳದ ದ್ವೀಪದಲ್ಲಿ ಹೊಳೆಯಿಲ್ಲ, ತೊರೆಯಿಲ್ಲ. ಮಳೆಯ ನೀರು ಮರಳಿನಲ್ಲಿ ಇಳಿದು, ಕೆಳಗಿನ ಉಪ್ಪುನೀರಿಗಿಂತ ಹಗುರವಾದುದರಿಂದ, ಅದರ ಮೇಲೆ ತೆಳುವಾಗಿ ತೇಲಿಕೊಂಡಿರುತ್ತದೆ. ಬಾವಿಯೆಂದರೆ ಆ ತೇಲುವ ಸಿಹಿನೀರಿಗೆ ತೋಡಿದ ಕುಳಿ. ಹೆಚ್ಚು ಸೇದಿದರೆ ಕೆಳಗಿನ ಉಪ್ಪು ಮೇಲೇರುತ್ತದೆ. ಕಡಲು ಏರಿದಂತೆ ಬಾವಿಯ ನೀರೂ ಏರುತ್ತದೆ, ಇಳಿದಂತೆ ಇಳಿಯುತ್ತದೆ. ಅಪ್ಪ ನಂಬಲಿಲ್ಲ. ಹಗ್ಗಕ್ಕೆ ಗಂಟು ಹಾಕಿ ಬೆಳಗ್ಗೆ, ಮಧ್ಯಾಹ್ನ, ಸಂಜೆ ಅಳೆದು ಹುಡುಗಿಯ ಪುಸ್ತಕದಲ್ಲಿ ಬರೆದಿಟ್ಟರು. ನಾಲ್ಕು ದಿನಗಳ ಮೇಲೆ, "ನಿಜ" ಎಂದರು. 2024ರ ಜನವರಿಯಲ್ಲಿ ಕಡಲನೀರನ್ನು ಸಿಹಿನೀರಾಗಿಸುವ ಸ್ಥಾವರವೊಂದು ಕಡಮತ್ತಿನಲ್ಲಿ ಆರಂಭವಾಗಿದೆ. ಮೇಲಿನ ಬೆಚ್ಚನೆಯ ನೀರನ್ನು ಒತ್ತಡ ತಗ್ಗಿಸಿ ಆವಿಮಾಡಿ, ಆಳದ ತಣ್ಣೀರಿನಿಂದ ತಂಪಾಗಿಸುವ ಉಪಾಯ. ದಿನಕ್ಕೆ ಒಂದೂವರೆ ಲಕ್ಷ ಲೀಟರು ಅದರ ಸಾಮರ್ಥ್ಯ. ಅದನ್ನೂ ಹೋಗಿ ನೋಡಿದರು. ಆದರೆ ಬಾವಿಯ ಮಾತೇ ಹೆಚ್ಚು.

ಒಂದು ಬೆಳಗ್ಗೆ ಅಪ್ಪ ಯಾರಿಗೂ ಹೇಳದೆ ಬ್ಯಾಂಕಿಗೆ ಹೋಗಿ ಬೆಂಚಿನ ಮೇಲೆ ಕುಳಿತರು. ನಾನು ಹುಡುಕಿಕೊಂಡು ಹೋದಾಗ ಭಾವನವರು ಮುದುಕಿಯೊಬ್ಬಳಿಗೆ ಪಿಂಚಣಿಯ ಲೆಕ್ಕವನ್ನು ಅವಳ ಭಾಷೆಯಲ್ಲೇ ಮೂರನೆಯ ಸಲ ವಿವರಿಸುತ್ತಿದ್ದರು. ಬಂದವರೆಲ್ಲ 'ಸಾರ್' ಎಂದು ಅವರನ್ನೂ, ಅವರ ಮಾವನೆಂದು ತಿಳಿದು ಅಪ್ಪನನ್ನೂ ಕ್ಷೇಮ ವಿಚಾರಿಸಿದರು. ಪಾಣೆಮಂಗಳೂರಿನ ಬ್ಯಾರಿ ಮಕ್ಕಳಿಗೆ ಪಾಠ ಹೇಳಿ ಹೇಳಿ ಅಪ್ಪನಿಗೆ ಬ್ಯಾರಿ ಭಾಷೆ ಚೆನ್ನಾಗಿ ಬರುತ್ತದೆ. ದ್ವೀಪದವರಿಗೆ ಅದು ಅರ್ಧ ತಿಳಿಯಿತು, ಉಳಿದರ್ಧ ಅವರನ್ನು ನಗಿಸಿತು. ಆ ರಾತ್ರಿ ಊಟಕ್ಕೆ ಕುಳಿತಾಗ ಅಪ್ಪ ಅಳಿಯನ ಕಡೆ ನೋಡದೆಯೇ, "ಮಧ್ಯಾಹ್ನ ಊಟಕ್ಕೆ ಮೂರು ಗಂಟೆ ಮಾಡುವುದು ಒಳ್ಳೆಯದಲ್ಲ" ಎಂದರು. ಅಕ್ಕ ಬಡಿಸುತ್ತಿದ್ದ ಸೌಟನ್ನು ಕೆಳಗಿಟ್ಟು ಒಳಗೆ ಹೋದಳು. ಭಾವನವರು, "ಆಯಿತು, ಮಾವ" ಎಂದರು.

ಬ್ಯಾಂಕಿನ ಆ ಬೆಂಚಿನಲ್ಲೇ ಅಪ್ಪನಿಗೆ ಅವರ ಪ್ರಾಯದ ಒಬ್ಬ ಹಿರಿಯರ ಸ್ನೇಹವಾಯಿತು. ಹುಡುಗನಾಗಿದ್ದಾಗ ತಂದೆಯ ಓಡದಲ್ಲಿ ಮಂಗಳೂರಿಗೆ ಬರುತ್ತಿದ್ದವರು ಅವರು. ಬಂದರಿನ ವಖಾರಿಗಳ ಕೊಬ್ಬರಿಯ ವಾಸನೆ, ಅಕ್ಕಿಮುಡಿಯ ಮೇಲಿನ ಹುಲ್ಲಿನ ಹೆಣಿಗೆ, ವ್ಯಾಪಾರಕ್ಕೆ ಕಲಿತ ತುಳುವಿನ 'ಏತ್?' ಎಂಬೊಂದು ಮಾತು, ಇವು ಅವರ ನೆನಪಿನಲ್ಲಿ ಉಳಿದಿದ್ದವು. ಸಂಜೆ ಜಗಲಿಯಲ್ಲಿ ಇಬ್ಬರೂ ಕುಳಿತರೆ ನಾನು ಲಿಪಿಕಾರನಂತೆ ಪಕ್ಕದಲ್ಲಿ ಕೂರುತ್ತಿದ್ದೆ. ದ್ವೀಪದವರು ಮುಸಲ್ಮಾನರಾದರೂ ತರವಾಡಿನ ಆಸ್ತಿ ತಾಯಿಯ ಕಡೆಯಿಂದ ಇಳಿಯುತ್ತದೆ. ಅದಕ್ಕೆ ಶುಕ್ರವಾರದ ಆಸ್ತಿಯೆಂದೂ, ಸ್ವಂತ ದುಡಿಮೆಯದಕ್ಕೆ ಸೋಮವಾರದ ಆಸ್ತಿಯೆಂದೂ ಹೆಸರಂತೆ. ಅಳಿಯಸಂತಾನದ ಕಟ್ಟಿನಲ್ಲಿ ಹುಟ್ಟಿದ ಅಪ್ಪನಿಗೆ ಇದನ್ನು ಬಿಡಿಸಿ ಹೇಳಬೇಕಾಗಲಿಲ್ಲ. "ನಮ್ಮದು ವಾರದ ಹೆಸರಿಲ್ಲದೆಯೇ ನಡೆಯಿತು, ಜಗಳ ಮಾತ್ರ ಏಳು ವಾರವೂ ಇತ್ತು" ಎಂದರು.

ಇನ್ನೊಂದು ಸಂಜೆ ಅಪ್ಪ ಕೇಳಿದರು, "ಕಣ್ಣಿಗೆ ದಡವಿಲ್ಲದ ಕಡಲಿನಲ್ಲಿ ಮಂಗಳೂರು ಬಂದಿತೆಂದು ನಿಮಗೆ ಹೇಗೆ ತಿಳಿಯುತ್ತಿತ್ತು?"

ಹಿರಿಯರು ಹೇಳಿದರು: ಮೊದಲು ಕುದುರೆಮುಖ ಕಾಣುವುದು, ಆಕಾಶದಲ್ಲಿ ಮಸಕಾದ ಗೆರೆ. ಮೋಡವಿದ್ದರೆ ಅದೂ ಇಲ್ಲ. ಆಗ ನೀರು ನೋಡುವುದು. ಮಳೆ ನಿಂತ ಹೊಸತರಲ್ಲಿ ದಡ ಇನ್ನೂ ದೂರವಿರುವಾಗಲೇ ಕಡಲಿನ ನೀಲಿ ಕಲಕಿ ಕೆಂಪಾಗುವುದು. ಅದು ಹೊಳೆಯ ಮಣ್ಣು. ತಂದೆ ಓಡದ ಅಂಚಿನಿಂದ ಬಾಗಿ ಬೊಗಸೆಯಲ್ಲಿ ಆ ನೀರೆತ್ತಿ ಮಕ್ಕಳ ಮುಖಕ್ಕೆ ಎರಚುವರು. ಇನ್ನು ಭಯವಿಲ್ಲ, ನಾಳೆ ಅನ್ನ ಉಣ್ಣಬಹುದು, ಎಂದು.

ಅಪ್ಪ ಬಹಳ ಹೊತ್ತು ಸುಮ್ಮನಿದ್ದರು. ಅನಂತರ, "ಅದು ನಮ್ಮ ಹೊಳೆ" ಎಂದರು. 1974ರ ಮಾತನ್ನು ನಾನು ಅವರ ಬಾಯಿಂದ ಆದ್ಯಂತವಾಗಿ ಕೇಳಿದ್ದು ಆ ರಾತ್ರಿಯೇ. ಹೇಳಿದ್ದು ನನಗಲ್ಲ, ಬ್ಯಾರಿ ಭಾಷೆಯಲ್ಲಿ ಆ ಹಿರಿಯರಿಗೆ.

ದ್ವೀಪದ ಪಶ್ಚಿಮಕ್ಕೆ ಹವಳದ ದಿಬ್ಬ ಕಡಲನ್ನು ತಡೆದು ಒಳಗೆ ತಿಳಿನೀರಿನ ಕೊಳವೊಂದನ್ನು ಮಾಡಿದೆ, ಲಗೂನೆನ್ನುತ್ತಾರೆ. ಅಲೆಗಳೆಲ್ಲ ದೂರದ ದಿಬ್ಬದ ಮೇಲೆ ಒಡೆಯುತ್ತವೆ, ಇಲ್ಲಿ ಅದರ ಸದ್ದು ಮಾತ್ರ. 2024ರ ಬೇಸಗೆಯ ಬಿಸಿಗೆ ಹವಳಗಳು ವ್ಯಾಪಕವಾಗಿ ಬಿಳುಚಿದ್ದವು. ಅವು ಸತ್ತು ಸವೆದರೆ ಅಲೆಗಳನ್ನು ತಡೆಯುವುದು ಯಾವುದೆಂಬ ಚಿಂತೆ ದ್ವೀಪದ ತಿಳಿದವರಲ್ಲಿ ಇದೆ. ಮಕ್ಕಳಿಗೆ ಆ ಚಿಂತೆಯಿಲ್ಲ. ಹುಡುಗಿ ಮೀನಿನಂತೆ ಈಜುತ್ತಾಳೆ. ದಿನವೂ ಅಜ್ಜನನ್ನು ಕರೆಯುವಳು. ದಿನವೂ ಅಜ್ಜ ತೆಂಗಿನ ಬುಡದಲ್ಲಿ ಚಪ್ಪಲಿ ಕಾಯುತ್ತ ಕೂರುವರು. ಹೊರಡುವ ಮುನ್ನಾದಿನ ಅವರು ಪಂಚೆ ಎತ್ತಿ ಕಟ್ಟಿ ಇಳಿದರು. ಪಾದ ಮುಳುಗಿತು, ಮೊಣಕಾಲು ಮುಳುಗಿತು. ಅಲ್ಲಿಗೆ ನಿಂತರು. ಹುಡುಗಿ ಒಂದು ಕೈ ಹಿಡಿದಿದ್ದಳು, ಹುಡುಗ ಇನ್ನೊಂದನ್ನು. ಅಮ್ಮ ದಡದಿಂದ, "ಸಾಕು, ಸಾಕು, ಶೀತವಾದೀತು" ಎಂದು ಕೂಗುತ್ತಿದ್ದರು. ನಾನು ಚಿತ್ರ ತೆಗೆಯಲು ಹೋಗಿ, ಏಕೋ ತೆಗೆಯಲಿಲ್ಲ.

ಮೇ ತಿಂಗಳ ಮೊದಲ ವಾರ, ಕಡಲು ಕೆರಳುವ ಮುಂಚೆ, ಮರಳಿದೆವು. ಅಮ್ಮ ಹರಕೆಯ ಅಗೆಲನ್ನು ಒಪ್ಪಿಸಿದರು. ಕೊಚ್ಚಿಯಿಂದ ಕಡಲ ತಳದಲ್ಲಿ ಎಳೆದ ತಂತಿ 2024ರಲ್ಲಿ ಕೆಲಸ ಮಾಡತೊಡಗಿದ ಮೇಲೆ ದೂರವಾಣಿಯಲ್ಲಿ ಮಕ್ಕಳ ಮುಖ ಸ್ಪಷ್ಟವಾಗಿ ಕಾಣುತ್ತದೆ. ಈಗ ಭಾವನವರೂ ಆ ಚೌಕಟ್ಟಿನೊಳಗೆ ಬಂದು, "ಮಾವ, ಬಾವಿ ಇವತ್ತು ನಾಲ್ಕು ಬೆರಳು ಏರಿದೆ" ಎಂದು ವರದಿ ಕೊಡುತ್ತಾರೆ.

ಜುಲೈ ತಿಂಗಳಲ್ಲಿ ಮೂರು ದಿನ ಎಡೆಬಿಡದೆ ಮಳೆ ಸುರಿದು ನೇತ್ರಾವತಿ ತುಂಬಿತು. ಮಧ್ಯಾಹ್ನ ಹುಡುಗಿಯ ಕರೆ ಬಂದಿತು: ಅಜ್ಜ ಬರೆದ ಹೊಳೆಯನ್ನು ಅವಳ ತಮ್ಮ ನಂಬುವುದಿಲ್ಲವಂತೆ, ನಿಜವಾದುದನ್ನು ತೋರಿಸಬೇಕಂತೆ. ನಾನು ಹೋಗಲೆಂದು ಎದ್ದೆ. ಅಪ್ಪ ನನ್ನ ಕೈಯಿಂದ ದೂರವಾಣಿ ತೆಗೆದುಕೊಂಡರು. ಕೊಡೆ ಬಿಚ್ಚಿ, ಅಮ್ಮ ಹಿಂದಿನಿಂದ ಕರೆಯುತ್ತಿದ್ದರೂ ತಿರುಗದೆ, ಹಳೆಯ ಸೇತುವೆಯವರೆಗೆ ನಡೆದರು. ಅಲ್ಲಿ ಕಬ್ಬಿಣದ ಕಂಬಿಗೆ ಒರಗಿ, ಕೆಳಗೆ ಮರದ ದಿಮ್ಮಿಗಳನ್ನು ಹೊತ್ತು ನುಗ್ಗುತ್ತಿದ್ದ ಕೆಂಪುನೀರಿನ ಕಡೆಗೆ ದೂರವಾಣಿಯನ್ನು ಹಿಡಿದು, ಮಳೆಯ ಸದ್ದಿಗೆ ಮೀರಿ ಕೂಗಿ ಹೇಳುತ್ತಿದ್ದರು:

"ನೋಡಿದೆಯಾ ಮಗಾ? ಇದು ತಿರುಗಿ ಬರುವುದಿಲ್ಲ. ಸೀದಾ ನಿಮ್ಮ ಕಡೆಗೇ ಬರುವುದು."